ಆರ್ಡರ್ ಪುಸ್ತಕದಲ್ಲಿರುವ ನಂಬರ್ ಯಾರದ್ದು?

ಕಳೆದ ಮಳೆಗಾಲದ ಒಂದು ಸಂಜೆ ನನ್ನ ಬೇಕರಿಗೆ ಐವತ್ತರ ಆಸುಪಾಸಿನ ಒಬ್ಬರು ಬಂದರು. ಪಫ್ಸ್ ಕೇಳಲಿಲ್ಲ, ಚಹಾ ಕೇಳಲಿಲ್ಲ. ಕೌಂಟರ್ ಮೇಲೆ ತಮ್ಮ ಫೋನ್ ಇಟ್ಟು, "ಇದು ನಿಮ್ಮ ಅಂಗಡಿ ಹುಡುಗನ ನಂಬರಾ ನೋಡ್ರಿ" ಅಂದರು. ನೋಡಿದೆ. ಹೌದು, ಅವನದ್ದೇ. ಎರಡು ತಿಂಗಳ ಹಿಂದೆ ಕೆಲಸ ಬಿಟ್ಟು ಹೋದವ. ಅವರ ಮಗಳು ಕಾಲೇಜಿಗೆ ಹೋಗುವ ಹುಡುಗಿ, ತಮ್ಮನ ಹುಟ್ಟುಹಬ್ಬಕ್ಕೆ ನಮ್ಮಲ್ಲಿ ಕೇಕ್ ಆರ್ಡರ್ ಕೊಟ್ಟಿದ್ದಳು. ಮೊದಲ ಮೆಸೇಜ್ "ಕೇಕ್ ಹೇಗಿತ್ತು" ಅಂತ. ಆಮೇಲೆ ರಾತ್ರಿ ಹನ್ನೊಂದಕ್ಕೆ, ಹನ್ನೆರಡಕ್ಕೆ. ಉಳಿದದ್ದನ್ನು ಇಲ್ಲಿ ಬರೆಯುವ ಅಗತ್ಯ ಇಲ್ಲ.

ನನ್ನ ಬಾಯಿಂದ ಮೊದಲು ಬಂದ ಮಾತು "ಅವ ಈಗ ನಮ್ಮಲ್ಲಿ ಇಲ್ಲ" ಎಂದು. ಅವರು ಸಿಟ್ಟು ಮಾಡಲಿಲ್ಲ. "ನನ್ನ ಮಗಳು ನಂಬರ್ ಕೊಟ್ಟದ್ದು ಅವನಿಗಲ್ಲ, ನಿಮ್ಮ ಅಂಗಡಿಗೆ" ಎಂದಷ್ಟೇ ಹೇಳಿದರು.

ಮನೂರ್ ಕಡೆಯವರು. ಪೊಲೀಸ್ ಠಾಣೆಗೆ ಹೋಗದೆ ನನ್ನ ಹತ್ತಿರ ಯಾಕೆ ಬಂದರು ಎಂದು ಕೇಳಿದ್ದಕ್ಕೆ, "ನೀವೂ ಕನ್ನಡದವರು, ಅರ್ಥ ಮಾಡ್ಕೋತೀರಿ ಅಂತ ಬಂದೆ" ಅಂದರು. ಊರಿನಲ್ಲಿ ಓದುವವರಿಗೆ ಇದು ಸ್ವಲ್ಪ ವಿಚಿತ್ರ ಕಾಣಬಹುದು. ನಾನು ಬಂಟ್ವಾಳ ಕಡೆಯ ಬ್ಯಾರಿ, ಬಿ.ಕಾಂ. ಮುಗಿಸಿ ಒಂದೆರಡು ಕಡೆ ಲೆಕ್ಕ ಬರೆದು, ಕೊನೆಗೆ ಸಂಬಂಧಿಕರೊಬ್ಬರ ಬೆನ್ನು ಹಿಡಿದು ಝಹೀರಾಬಾದಿಗೆ ಬಂದು ಬೇಕರಿ ಹಾಕಿದವ. ಇದು ತೆಲಂಗಾಣ ಹೌದು, ಆದರೆ 1956ಕ್ಕೆ ಮೊದಲು ಝಹೀರಾಬಾದ್, ನಾರಾಯಣಖೇಡ್ ಎರಡೂ ಬೀದರ್ ಜಿಲ್ಲೆಯಲ್ಲಿದ್ದವು, ತಾಂಡೂರು ಗುಲ್ಬರ್ಗದ ಜೊತೆಗಿತ್ತು. ರಾಜ್ಯಗಳ ಗೆರೆ ಬದಲಾಯಿತು, ಮನೆಯ ಮಾತು ಬದಲಾಗಲಿಲ್ಲ. ನನ್ನ ಕೌಂಟರಿನಲ್ಲಿ ದಿನಕ್ಕೆ ತೆಲುಗು, ದಖನಿ, ಕನ್ನಡ ಮೂರೂ ಓಡುತ್ತವೆ. ಭಾಷೆಯ ಈ ವಿಷಯಕ್ಕೆ ಮುಂದೆ ಮತ್ತೆ ಬರುತ್ತೇನೆ, ಯಾಕೆಂದರೆ ಕಾನೂನಿಗೂ ಅದಕ್ಕೂ ಸಂಬಂಧ ಉಂಟು.

ನಂಬರ್ ಹೋದದ್ದು ಹೇಗೆ ಎಂದು ಆ ರಾತ್ರಿಯೇ ಹುಡುಕಿದೆ. ಹುಡುಗ ಪುಸ್ತಕದಿಂದ ಬರೆದುಕೊಂಡು ಹೋದದ್ದಲ್ಲ. ಅಂಗಡಿಯ ವಾಟ್ಸ್ಆ್ಯಪ್‌ನಲ್ಲಿ ಆರ್ಡರ್ ನೋಡಲು ಅನುಕೂಲ ಆಗಲಿ ಎಂದು ನಾನೇ ಅವನ ಫೋನಿಗೆ ಅದನ್ನು ಲಿಂಕ್ ಮಾಡಿ ಕೊಟ್ಟಿದ್ದೆ. ಕೆಲಸ ಬಿಟ್ಟ ದಿನ ಸಂಬಳ ಚುಕ್ತಾ ಮಾಡಿದೆ, ಕೀ ವಾಪಸ್ ಪಡೆದೆ, ಲಿಂಕ್ ತೆಗೆಯಲಿಲ್ಲ. ಎರಡು ತಿಂಗಳು ನನ್ನ ಗಿರಾಕಿಗಳ ಹೆಸರು, ವಿಳಾಸ, ಮಕ್ಕಳ ಫೋಟೊ ಎಲ್ಲ ಅವನ ಜೇಬಿನಲ್ಲಿ ಓಡಾಡಿಕೊಂಡಿತ್ತು. ಬಾಗಿಲಿನ ಬೀಗದ ಕೀ ನೆನಪಾಯಿತು, ಇದು ನೆನಪಾಗಲಿಲ್ಲ. ತಪ್ಪು ನನ್ನದು.

ಇದನ್ನು ಈಗ ಬರೆಯುವುದಕ್ಕೆ ಕಾರಣ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, ಎಲ್ಲರೂ ಡಿಪಿಡಿಪಿ ಎಂದು ಕರೆಯುವುದು. ಸಂಸತ್ತಿನಲ್ಲಿ ಪಾಸಾಗಿ ರಾಷ್ಟ್ರಪತಿಗಳ ಅಂಕಿತ ಬಿದ್ದದ್ದು 2023ರ ಆಗಸ್ಟ್ 11ಕ್ಕೆ. ಎರಡು ವರ್ಷ ಕಪಾಟಿನಲ್ಲೇ ಇತ್ತು. 2025ರ ನವೆಂಬರ್ ಮಧ್ಯದಲ್ಲಿ ಅದರ ನಿಯಮಗಳು ಹೊರಬಂದವು. ವಿಚಾರಣೆ ಮಾಡುವ ಮಂಡಳಿಗೆ ಸಂಬಂಧಿಸಿದ ಭಾಗ ಕೂಡಲೇ ಜಾರಿ, ನಮ್ಮಂಥವರ ಮೇಲೆ ಬೀಳುವ ಮುಖ್ಯ ಹೊಣೆಗಳಿಗೆ ಹದಿನೆಂಟು ತಿಂಗಳ ಗಡುವು. ಅಂದರೆ 2027ರ ಮೇ. ಬೇರು ಇನ್ನೂ ಹಿಂದಿನದು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ 2012ರಲ್ಲಿ ಆಧಾರ್ ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. ಅದೇ ಪ್ರಕರಣದಲ್ಲಿ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದು ಹೇಳಿತು. ಅಲ್ಲಿಂದ ಹೊರಟ ದಾರಿ ನನ್ನ ಕೇಕ್ ಆರ್ಡರ್ ಪುಸ್ತಕದವರೆಗೆ ಬಂದು ಮುಟ್ಟಿದೆ.

ಕಾಯ್ದೆ ಓದಿದಾಗ ನನಗೆ ಹೊಳೆದದ್ದು ಇಷ್ಟು: ಆ ತಂದೆ ಹೇಳಿದ ಒಂದು ಸಾಲನ್ನೇ ಇದು ನಲವತ್ತನಾಲ್ಕು ಕಲಂಗಳಲ್ಲಿ ಹೇಳುತ್ತಿದೆ. ಮಾಹಿತಿಯನ್ನು ಯಾಕೆ, ಹೇಗೆ ಬಳಸಬೇಕು ಎಂದು ತೀರ್ಮಾನ ಮಾಡುವವ 'ಡೇಟಾ ಫಿಡ್ಯೂಷರಿ'. ಫಿಡ್ಯೂಷರಿ ಅಂದರೆ ನಂಬಿಕೆಯ ಮೇಲೆ ಇಟ್ಟುಕೊಂಡವ. ನಮ್ಮ ವ್ಯಾಪಾರದ ಮಾತಿನಲ್ಲಿ ಅಮಾನತ್ ಇಟ್ಟುಕೊಂಡವ. ಬಿಲ್ಲಿಂಗ್ ಆ್ಯಪ್, ಖಾತೆ ಆ್ಯಪ್, ಎಸ್‌ಎಂಎಸ್ ಕಳಿಸುವ ಏಜೆನ್ಸಿ ಇವರೆಲ್ಲ ನಮ್ಮ ಪರವಾಗಿ ಕೆಲಸ ಮಾಡುವ 'ಪ್ರೊಸೆಸರ್'ಗಳು. ಅವರು ತಪ್ಪಿದರೂ ಮೊದಲ ಉತ್ತರ ಕೊಡಬೇಕಾದವ ಅಂಗಡಿಯವ. "ಆ್ಯಪ್‌ನವರ ತಪ್ಪು", "ಹುಡುಗ ಬಿಟ್ಟು ಹೋಗಿದ್ದಾನೆ" ಇವು ಇನ್ನು ಮುಂದೆ ಉತ್ತರ ಅಲ್ಲ.

"ನಾವು ಸಣ್ಣವರು, ನಮಗೆ ಇದು ಲಗಾವಾಗುವುದಿಲ್ಲ" ಎಂದು ನನಗೆ ಹೇಳದ ವ್ಯಾಪಾರಿ ಇಲ್ಲ. ಇಲ್ಲಿ ಮಾರ್ಕೆಟಿನಲ್ಲಿ ಕೇಳಿದೆ, ಊರಿಗೆ ಹೋದಾಗ ಬಿ.ಸಿ.ರೋಡಿನಲ್ಲಿ, ಮಂಗಳೂರು ಬಂದರಿನಲ್ಲಿ ಕೇಳಿದೆ. ಜಿಎಸ್‌ಟಿಗೆ ಇರುವ ಹಾಗೆ ಇಷ್ಟು ಲಕ್ಷದ ಕೆಳಗಿದ್ದರೆ ಮಾಫಿ ಎಂಬ ಗೆರೆ ಇದರಲ್ಲಿ ಇಲ್ಲ. ಸ್ಟಾರ್ಟಪ್‌ಗಳೂ ಸೇರಿ ಕೆಲವು ವರ್ಗಗಳಿಗೆ ಕೇಂದ್ರ ಸರಕಾರ ವಿನಾಯಿತಿ ಕೊಡಬಹುದು ಎಂದು 17ನೇ ಕಲಂ ಹೇಳುತ್ತದೆ. ಕೊಡಬಹುದು, ಕೊಡಲೇಬೇಕು ಎಂದಿಲ್ಲ. ಕೊಟ್ಟರೂ ಅದು ನೋಟಿಸ್ ಕೊಡುವುದು, ಅಳಿಸುವುದು ಮುಂತಾದ ಕೆಲವಕ್ಕೆ ಮಾತ್ರ. ಮಾಹಿತಿಯನ್ನು ಭದ್ರವಾಗಿ ಇಡುವ ಹೊಣೆ, ಸೋರಿದರೆ ತಿಳಿಸುವ ಹೊಣೆ ಆ ಪಟ್ಟಿಯಲ್ಲಿ ಇಲ್ಲ. ನನ್ನಲ್ಲಿ ನಡೆದದ್ದು ಸರಿಯಾಗಿ ಈ ಎರಡೇ.

ಪುಸ್ತಕದಲ್ಲಿ ಪೆನ್ನಿನಿಂದ ಬರೆದದ್ದು ಈ ಕಾಯ್ದೆಯ ಒಳಗೆ ಬರುವುದಿಲ್ಲ, ಅದು ನಿಜ. ಆದರೆ ಪುಸ್ತಕದ ಪುಟವನ್ನು ಫೋನಿನಲ್ಲಿ ಫೋಟೊ ಹೊಡೆದು ಗ್ರೂಪಿಗೆ ಹಾಕಿದ ಕ್ಷಣ ಅದು ಡಿಜಿಟಲ್. ನಮ್ಮಲ್ಲಿ ಯಾರು ಹಾಗೆ ಮಾಡುವುದಿಲ್ಲ ಹೇಳಿ?

ಒಂದು ಭಾನುವಾರ ಮಧ್ಯಾಹ್ನ ಅಂಗಡಿ ಖಾಲಿ ಇದ್ದಾಗ ನನ್ನಲ್ಲಿ ಯಾರ್ಯಾರದ್ದು ಏನೇನು ಉಂಟು ಎಂದು ಎಣಿಸಲು ಕುಳಿತೆ. ಸ್ಟಾಕ್ ತೆಗೆಯುವ ಹಾಗೆ. ಆರ್ಡರಿನ ಹೆಸರು, ನಂಬರ್. ಡೆಲಿವರಿಗೆ ಲೊಕೇಶನ್. ಉದ್ರಿ ಖಾತೆಯ ಆ್ಯಪ್‌ನಲ್ಲಿ ಯಾರು ಎಷ್ಟು ಬಾಕಿ ಎಂಬುದು, ಇದು ಒಬ್ಬ ಮನುಷ್ಯನ ಮಾನಕ್ಕೆ ಸಂಬಂಧಿಸಿದ ವಿಷಯ. ಸಿಸಿಟಿವಿ. ಕೆಲಸದವರ ಆಧಾರ್ ಫೋಟೊ, ಬ್ಯಾಂಕ್ ಪಾಸ್‌ಬುಕ್. ಕಸ್ಟಮರ್ ಬ್ರಾಡ್‌ಕಾಸ್ಟ್ ಲಿಸ್ಟ್. ಅಷ್ಟರಲ್ಲಿ ಫೋಟೊ ಕೇಕಿನ ಫೋಲ್ಡರ್ ತೆರೆದೆ. ಗಾಬರಿ ಆದದ್ದು ಅಲ್ಲಿ. ಕೇಕ್ ಮೇಲೆ ಪ್ರಿಂಟ್ ಮಾಡಲು ತಾಯಂದಿರು ಕಳಿಸಿದ ಮಕ್ಕಳ ಫೋಟೊ, ಮಗುವಿನ ಪೂರ್ತಿ ಹೆಸರು, ಹುಟ್ಟಿದ ದಿನ, ಎಷ್ಟನೇ ವರ್ಷ ಎಂಬುದು, ಮನೆಯ ಲೊಕೇಶನ್. ಒಂದು ಮಗುವಿನ ಬಗ್ಗೆ ಅದರ ಶಾಲೆಗೆ ಗೊತ್ತಿರುವಷ್ಟು ನನ್ನ ಬೇಕರಿಗೆ ಗೊತ್ತು! ಪ್ರಿಂಟ್ ಹಾಕುವವನಿಗೆ ನಾನು ಅದನ್ನೆಲ್ಲ ಫಾರ್ವರ್ಡ್ ಮಾಡಿದ್ದೇನೆ, ಅವನ ಫೋನಿನಲ್ಲೂ ಉಂಟು. ಕೇಕ್ ತಿಂದು ನಾಲ್ಕು ವರ್ಷ ಆದ ಮಕ್ಕಳು ಇನ್ನೂ ಅಲ್ಲಿ ನಗುತ್ತಿದ್ದಾರೆ.

ಹದಿನೆಂಟು ವರ್ಷದ ಕೆಳಗಿನವರೆಲ್ಲ ಈ ಕಾಯ್ದೆಯ ಲೆಕ್ಕದಲ್ಲಿ ಮಕ್ಕಳು. ಅವರ ಮಾಹಿತಿಗೆ ಹೆತ್ತವರ ಒಪ್ಪಿಗೆ ಬೇಕು, ಅದು ಪರಿಶೀಲಿಸಿದ ಒಪ್ಪಿಗೆ ಆಗಿರಬೇಕು. ಮಕ್ಕಳನ್ನು ಗುರಿ ಮಾಡಿ ಜಾಹೀರಾತು ಕೂಡದು. ತಾಯಿಯೇ ಫೋಟೊ ಕಳಿಸಿದರೆ ಕೇಕ್ ಮಾಡಲು ತೊಂದರೆ ಇಲ್ಲ ಎಂದು ನನ್ನ ತಿಳುವಳಿಕೆ. ಆದರೆ ಹದಿನಾರರ ಹುಡುಗರು ಗೆಳೆಯನ ಫೋಟೊ ತಂದು ಸರ್ಪ್ರೈಸ್ ಕೇಕ್ ಕೇಳುತ್ತಾರಲ್ಲ, ಅದಕ್ಕೆ ಯಾರ ಒಪ್ಪಿಗೆ? ಇಂಥ ಪ್ರಶ್ನೆಗಳಿಗೆ ದಿಲ್ಲಿಯಲ್ಲಿ ಕುಳಿತು ನಿಯಮ ಬರೆದವರು ತಲೆ ಕೆಡಿಸಿಕೊಂಡಂತೆ ಕಾಣುವುದಿಲ್ಲ.

ಬಿಲ್ ಬೇರೆ, ಫೋಟೊ ಬೇರೆ ಎಂಬುದನ್ನೂ ಹೇಳಬೇಕು. ಜಿಎಸ್‌ಟಿ ಕಾನೂನಿನ ಪ್ರಕಾರ ಲೆಕ್ಕಪತ್ರಗಳನ್ನು ವಾರ್ಷಿಕ ರಿಟರ್ನ್ ಸಲ್ಲಿಸುವ ಕೊನೆಯ ದಿನದಿಂದ 72 ತಿಂಗಳು ಇಡಬೇಕು. ಹಾಗಾಗಿ "ಎಲ್ಲ ಅಳಿಸಿಬಿಡಿ" ಎಂಬ ಸಲಹೆ ತಪ್ಪು. ಹೊಸ ನಿಯಮಗಳೂ ಭದ್ರತೆಯ ಲಾಗ್‌ಗಳನ್ನು ಒಂದು ವರ್ಷ ಇಡಿ ಎನ್ನುತ್ತವೆ. ಆದರೆ ನಾಲ್ಕು ವರ್ಷದ ಹಿಂದಿನ ಮಗುವಿನ ಫೋಟೊವನ್ನು ಯಾವ ಟ್ಯಾಕ್ಸ್ ಆಫೀಸರೂ ಕೇಳುವುದಿಲ್ಲ.

ನಂಬರ್ ಕೇಳುವ ಅಭ್ಯಾಸದ ಬಗ್ಗೆಯೂ ಎರಡು ಮಾತು. ದೊಡ್ಡ ಮಾಲ್‌ಗಳನ್ನು ನೋಡಿ ನಾವೂ ಬಿಲ್ ಹೊಡೆಯುವಾಗ ನಂಬರ್ ಕೇಳಲು ಶುರು ಮಾಡಿದೆವು. ಗಿರಾಕಿ ನಂಬರ್ ಕೊಡದಿದ್ದರೆ ಬಿಲ್ ಇಲ್ಲ ಎನ್ನಬಾರದು ಎಂದು ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಮೇ ತಿಂಗಳಲ್ಲೇ ಚಿಲ್ಲರೆ ವ್ಯಾಪಾರಿಗಳಿಗೆ ಸಲಹೆ ಕೊಟ್ಟಿತ್ತು. ಡಿಪಿಡಿಪಿ ಕಾಯ್ದೆಯ ಒಳಗೇ ಒಂದು ಔಷಧ ಅಂಗಡಿಯ ಉದಾಹರಣೆ ಉಂಟು: ಗಿರಾಕಿ ತಾನಾಗಿ ನಂಬರ್ ಕೊಟ್ಟು, ಹಣ ಮುಟ್ಟಿದ್ದಕ್ಕೆ ಮೆಸೇಜ್ ಕಳಿಸಿ ಎಂದರೆ ಆ ರಸೀದಿ ಕಳಿಸಲು ಅಂಗಡಿ ಆ ನಂಬರ್ ಬಳಸಬಹುದು. ಅಲ್ಲಿಗೆ ಮುಗಿಯಿತು. ಅದೇ ನಂಬರಿಗೆ ಈದ್ ಆಫರ್ ಕಳಿಸಬೇಕಾದರೆ ಅದು ಬೇರೆ ಉದ್ದೇಶ, ಬೇರೆ ಒಪ್ಪಿಗೆ. ಒಂದಕ್ಕೆ ಕೊಟ್ಟದ್ದನ್ನು ಇನ್ನೊಂದಕ್ಕೆ ಬಳಸಬಾರದು. ಸಣ್ಣ ಅಂಗಡಿಯವ ಇಡೀ ಕಾಯ್ದೆಯಲ್ಲಿ ಒಂದೇ ವಿಷಯ ನೆನಪಿಡುವುದಾದರೆ ಇದನ್ನು ಇಡಲಿ.

ಈಗ ನಮ್ಮ ಸಮುದಾಯದ ವ್ಯಾಪಾರಗಳ ಕಡೆ ನೋಡಿ. ಮೊಬೈಲ್ ಅಂಗಡಿ, ಸಿಮ್, ಝೆರಾಕ್ಸ್, ಬಟ್ಟೆ, ಅಬಾಯ, ಟ್ರಾವೆಲ್ಸ್, ಉಮ್ರಾ ಏಜೆನ್ಸಿ, ಗಲ್ಫ್ ವೀಸಾ ಕೆಲಸ. ಇವುಗಳಲ್ಲಿ ಸೇರುವ ಕಾಗದ ನೋಡಿದರೆ ನನ್ನ ಬೇಕರಿ ಏನೂ ಅಲ್ಲ. ಒಂದು ಉಮ್ರಾ ಗ್ರೂಪಿನಲ್ಲಿ ಐವತ್ತು ಜನರ ಪಾಸ್‌ಪೋರ್ಟ್ ಮುಂಪುಟ, ಹಿಂಪುಟ ಎಲ್ಲ ಒಂದೇ ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಬಿದ್ದಿರುತ್ತವೆ. ಐವತ್ತು ಜನರೂ ಉಳಿದ ನಲವತ್ತೊಂಬತ್ತು ಜನರ ಪಾಸ್‌ಪೋರ್ಟ್ ಡೌನ್‌ಲೋಡ್ ಮಾಡಬಹುದು. ಪ್ರಯಾಣ ಮುಗಿದು ಬಂದ ಮೇಲೂ ಗ್ರೂಪ್ ಹಾಗೇ ಇರುತ್ತದೆ, ದುಆ ಮತ್ತು ಗುಡ್ ಮಾರ್ನಿಂಗ್ ಸಂದೇಶಗಳ ಅಡಿಯಲ್ಲಿ. ಝೆರಾಕ್ಸ್ ಅಂಗಡಿಗೆ ಪ್ರಿಂಟ್‌ಗೆ ಕಳಿಸಿದ ಆಧಾರ್, ಮಾರ್ಕ್ಸ್ ಕಾರ್ಡ್, ನಿಕಾಹ್‌ನಾಮ ಆ ಕಂಪ್ಯೂಟರಿನ ಡೌನ್‌ಲೋಡ್ ಫೋಲ್ಡರಿನಲ್ಲಿ ವರ್ಷಗಟ್ಟಲೆ ಕುಳಿತಿರುತ್ತದೆ. ಮುಂದಿನ ಗಿರಾಕಿ ಪೆನ್ ಡ್ರೈವ್ ಹಾಕಿದಾಗ ಎಲ್ಲ ಕಾಣುತ್ತದೆ. ಆಧಾರ್ ಬೇಕೇ ಬೇಕು ಎಂದಾದರೆ ಮೊದಲ ಎಂಟು ಅಂಕಿ ಮುಚ್ಚಿದ ಮಾಸ್ಕ್ಡ್ ಆಧಾರ್ ಎಂಬುದು ಉಂಟು, ಅದನ್ನು ಕೇಳಬಹುದು. ಕೇಳುವವರನ್ನು ನಾನು ಇದುವರೆಗೆ ಕಂಡಿಲ್ಲ.

ಬಟ್ಟೆ ಅಂಗಡಿ, ಮೆಹಂದಿ, ಬ್ರೈಡಲ್ ಕೆಲಸ ಮಾಡುವವರಿಗೆ ಸ್ವಲ್ಪ ಖಾರವಾಗಿಯೇ ಹೇಳುತ್ತೇನೆ. ಗಿರಾಕಿಯ ಫೋಟೊ ತೆಗೆದು "ನಮ್ಮ ಹ್ಯಾಪಿ ಕಸ್ಟಮರ್" ಎಂದು ಸ್ಟೇಟಸ್ ಹಾಕುವ ಮೊದಲು 2021ರ ಜುಲೈ, 2022ರ ಜನವರಿಯನ್ನು ನೆನಪು ಮಾಡಿಕೊಳ್ಳಿ. 'ಸುಲ್ಲಿ ಡೀಲ್ಸ್', 'ಬುಲ್ಲಿ ಬಾಯಿ' ಎಂಬ ಆ್ಯಪ್‌ಗಳಲ್ಲಿ ಮುಸ್ಲಿಂ ಹೆಣ್ಣುಮಕ್ಕಳ ಫೋಟೊಗಳನ್ನು ಹರಾಜು ಎಂದು ಹಾಕಿದ್ದರು. ಅವರು ಎಲ್ಲಿಂದಲೋ ಕದ್ದು ತಂದದ್ದಲ್ಲ, ಆಗಲೇ ಇಂಟರ್‌ನೆಟ್‌ನಲ್ಲಿ ಇದ್ದ ಫೋಟೊಗಳನ್ನೇ ಎತ್ತಿಕೊಂಡದ್ದು. ತಾನೇ ಹಾಕಿಕೊಂಡ ಫೋಟೊ ಒಂದು ಮಾತು. ಸೀರೆ ಕೊಳ್ಳಲು ಬಂದವಳ ಫೋಟೊವನ್ನು ಅಂಗಡಿಯವ ಹಾಕುವುದು ಬೇರೆ ಮಾತು. ನಮ್ಮ ಕರಾವಳಿಯಲ್ಲಿ ಯಾರು ಯಾರ ಜೊತೆ ಐಸ್‌ಕ್ರೀಂ ತಿಂದರು ಎಂಬ ಒಂದು ಕ್ಲಿಪ್ ಎಲ್ಲಿಗೆ ಹೋಗಿ ಮುಟ್ಟುತ್ತದೆ, ಅದರ ಹಿಂದೆ ಯಾರು ಬರುತ್ತಾರೆ ಎಂದು ಈ ಪುಟ ಓದುವವರಿಗೆ ನಾನು ವಿವರಿಸಬೇಕಾಗಿಲ್ಲ. ಸಿಸಿಟಿವಿ ತುಣುಕು ಗೆಳೆಯರ ಗ್ರೂಪಿಗೆ ಹಾಕುವ ಚಪಲ ಇರುವವರು ಕ್ಯಾಶ್ ಕೌಂಟರಿನ ಹಣವನ್ನೂ ಹಂಚುತ್ತಾರಾ ಎಂದು ಕೇಳಬೇಕು.

ಇನ್ನು 250 ಕೋಟಿ. ಈ ಅಂಕಿ ಹಿಡಿದು ಹೆದರಿಸುವವರು ಈಗಾಗಲೇ ಹುಟ್ಟಿಕೊಂಡಿದ್ದಾರೆ. "ಸರ್ಟಿಫಿಕೇಟ್ ಮಾಡಿಸಿ, ಇಲ್ಲದಿದ್ದರೆ 250 ಕೋಟಿ ದಂಡ" ಎಂದು ನನಗೂ ಒಂದು ಕಾಲ್ ಬಂದಿತ್ತು. ನನ್ನ ನಂಬರ್ ಅವನಿಗೆ ಎಲ್ಲಿಂದ ಸಿಕ್ಕಿತು ಎಂದು ಕೇಳಿದೆ, ಕಟ್ ಮಾಡಿದ. ಭದ್ರತೆಯಲ್ಲಿ ಲೋಪಕ್ಕೆ 250 ಕೋಟಿ ರೂಪಾಯಿವರೆಗೆ, ಸೋರಿದ್ದನ್ನು ತಿಳಿಸದಿದ್ದರೆ 200 ಕೋಟಿವರೆಗೆ, ಮಕ್ಕಳ ವಿಷಯದಲ್ಲಿ ತಪ್ಪಿದರೆ 200 ಕೋಟಿವರೆಗೆ ಎಂದು ಕಾಯ್ದೆಯಲ್ಲಿ ಇರುವುದು ನಿಜ. ಆದರೆ ಅದು ಮೇಲಿನ ಮಿತಿ. ತಪ್ಪು ಎಷ್ಟು ದೊಡ್ಡದು, ಎಷ್ಟು ಕಾಲ ನಡೆಯಿತು, ಮತ್ತೆ ಮತ್ತೆ ಆಯಿತಾ, ಸರಿಪಡಿಸಲು ಏನು ಮಾಡಿದ, ದಂಡದಿಂದ ಅವನ ಮೇಲೆ ಏನು ಪರಿಣಾಮ ಎಂಬುದನ್ನೆಲ್ಲ ಮಂಡಳಿ ನೋಡಬೇಕು ಎಂದು 33ನೇ ಕಲಂ ಹೇಳುತ್ತದೆ. ಬೇಕರಿಗೆ ಯಾರೂ 250 ಕೋಟಿ ಹಾಕುವುದಿಲ್ಲ. ಹಾಗೆಂದು ನಿರ್ಲಕ್ಷ್ಯಕ್ಕೂ ಕಾರಣ ಇಲ್ಲ. ಸೋರಿಕೆ ಆದರೆ ಸಂಬಂಧಪಟ್ಟ ಗಿರಾಕಿಗೆ ತಡ ಮಾಡದೆ ತಿಳಿಸಬೇಕು, ಮಂಡಳಿಗೂ ತಿಳಿಸಬೇಕು, 72 ಗಂಟೆಯೊಳಗೆ ಪೂರ್ಣ ವಿವರ ಕೊಡಬೇಕು. ಹತ್ತು ಜನರದ್ದು ಸೋರಿದರೂ ಅಷ್ಟೇ, ಕನಿಷ್ಠ ಮಿತಿ ಎಂದಿಲ್ಲ. ಲಾಕ್ ಇಲ್ಲದ ಅಂಗಡಿ ಫೋನ್ ಬಸ್ಸಿನಲ್ಲಿ ಕಳೆದುಹೋದರೆ ಅದೂ ಇದರೊಳಗೆ ಬರಬಹುದು.

ಕಾಯ್ದೆಯನ್ನು ಹೊಗಳಲು ನಾನು ಕುಳಿತಿಲ್ಲ. ನನಗೆ ಸರಿ ಕಾಣದ ಎರಡು ಸಂಗತಿ ಉಂಟು. ಒಂದು, ದಂಡದ ಹಣ ಹೋಗುವುದು ಭಾರತದ ಸಂಚಿತ ನಿಧಿಗೆ. ಆ ಹುಡುಗಿಗೆ ಒಂದು ರೂಪಾಯಿಯೂ ಇಲ್ಲ. ಐಟಿ ಕಾಯ್ದೆಯ 43ಎ ಕಲಂ ಅಡಿಯಲ್ಲಿ ಕೆಲವು ಸೂಕ್ಷ್ಮ ಮಾಹಿತಿ ಸೋರಿದಾಗ ಪರಿಹಾರ ಕೇಳಲು ಒಂದು ದಾರಿ ಇತ್ತು, ಹೊಸ ಕಾಯ್ದೆ ಅದನ್ನೂ ತೆಗೆದುಹಾಕುತ್ತದೆ. ಎರಡನೆಯದು, ನನ್ನಂಥವನಿಗೆ ಇಷ್ಟೆಲ್ಲ ನಿಯಮ ಹೇಳುವ ಸರಕಾರ ತನ್ನ ಸಂಸ್ಥೆಗಳಿಗೆ ಬೇಕಾದಾಗ ವಿನಾಯಿತಿ ಕೊಟ್ಟುಕೊಳ್ಳುವ ಅಧಿಕಾರ ಇಟ್ಟುಕೊಂಡಿದೆ, ಜೊತೆಗೆ ಇದೇ ಕಾಯ್ದೆಯ ಮೂಲಕ ಮಾಹಿತಿ ಹಕ್ಕಿನ 8(1)(ಜೆ) ಕಲಮನ್ನು ತಿದ್ದಿ ಮಾಹಿತಿ ನಿರಾಕರಿಸುವುದನ್ನು ಸುಲಭ ಮಾಡಿಕೊಂಡಿದೆ. ಅಂಗಡಿಯ ಪುಸ್ತಕ ಬಿಗಿ, ಸರಕಾರಿ ಕಡತವೂ ಬಿಗಿ, ಆದರೆ ಬಿಗಿ ಮಾಡಿದ ಕಾರಣ ಮಾತ್ರ ಒಂದೇ ಅಲ್ಲ.

ಭಾಷೆಯ ವಿಷಯಕ್ಕೆ ಬರುತ್ತೇನೆ ಎಂದಿದ್ದೆ. ಒಪ್ಪಿಗೆ ಕೇಳುವಾಗ ಕೊಡುವ ನೋಟಿಸನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೇ ಅನುಸೂಚಿಯ 22 ಭಾಷೆಗಳಲ್ಲಿ ಯಾವುದರಲ್ಲಾದರೂ ಓದುವ ಆಯ್ಕೆ ಗಿರಾಕಿಗೆ ಇರಬೇಕು. ಆಯ್ಕೆ ರಾಜ್ಯದ್ದಲ್ಲ, ಅಂಗಡಿಯದ್ದಲ್ಲ, ಮನುಷ್ಯನದ್ದು. ಮನೂರಿನ ಆ ತಂದೆ ತೆಲಂಗಾಣದ ಅಂಗಡಿಯಲ್ಲಿ ನಿಂತು "ನನಗೆ ಕನ್ನಡದಲ್ಲಿ ಕೊಡಿ" ಎಂದು ಕೇಳಬಹುದು. ತಾಂಡೂರಿನಲ್ಲೂ, ಕಾಸರಗೋಡಿನಲ್ಲೂ ಕೇಳಬಹುದು. ಗಡಿ ಕನ್ನಡಿಗರಿಗೆ ಶಾಲೆ, ಕಚೇರಿಯಲ್ಲಿ ಹೋರಾಡಿದರೂ ಕಷ್ಟದಲ್ಲಿ ಸಿಗುವ ಹಕ್ಕು ಒಂದು ಡೇಟಾ ಕಾನೂನಿನ ಮೂಲೆಯಲ್ಲಿ ಸದ್ದಿಲ್ಲದೆ ಬಂದು ಕುಳಿತಿದೆ. ಬ್ಯಾರಿ ಮತ್ತು ತುಳು ಆ 22ರಲ್ಲಿ ಇಲ್ಲ ಎಂಬುದು ಬೇರೆ ನೋವು. ನನ್ನ ಉಮ್ಮನಿಗೆ ಬ್ಯಾರಿಯಲ್ಲಿ ಹೇಳಿದರೆ ಮಾತ್ರ ಪೂರ್ತಿ ಅರ್ಥ ಆಗುವುದು, ಅದಕ್ಕೆ ಕಾನೂನಿನಲ್ಲಿ ಜಾಗ ಇಲ್ಲ. ಹಾಗಾಗಿ ಊರಿನ ಅಂಗಡಿಯವರು ಬೋರ್ಡ್ ಹಾಕಿ ಸುಮ್ಮನಾಗದೆ ಬಾಯಿಮಾತಿನಲ್ಲೂ ಹೇಳಬೇಕಾಗುತ್ತದೆ.

ನಾನು ಮಾಡಿದ್ದು ದೊಡ್ಡದೇನಲ್ಲ. ವಕೀಲರಿಗೂ ಹೋಗಿಲ್ಲ, ಸಾಫ್ಟ್‌ವೇರೂ ಕೊಂಡಿಲ್ಲ. ವಾಟ್ಸ್ಆ್ಯಪ್‌ನಲ್ಲಿ ಲಿಂಕ್ಡ್ ಡಿವೈಸಸ್ ತೆರೆದು ಎಲ್ಲ ತೆಗೆದೆ, ಈಗ ವಾರಕ್ಕೊಮ್ಮೆ ನೋಡುತ್ತೇನೆ. ಎರಡು ಹಂತದ ಪಿನ್ ಹಾಕಿದೆ. ಕೆಲಸ ಬಿಡುವವರಿಂದ ಕೀ ವಾಪಸ್ ಪಡೆಯುವಾಗ ಫೋನೂ ನೋಡುತ್ತೇನೆ. ಕೌಂಟರ್ ಹುಡುಗರಿಗೆ ಆರ್ಡರ್ ಚೀಟಿಯಲ್ಲಿ ಹೆಸರು ಮತ್ತು ಟೋಕನ್ ನಂಬರ್ ಮಾತ್ರ, ಫೋನ್ ನಂಬರ್ ನನ್ನ ಹತ್ತಿರ. ಹಳೇ ಫೋಟೊ ಕೇಕಿನ ಫೋಲ್ಡರ್ ಅಳಿಸಿದೆ, ಪ್ರಿಂಟ್‌ನವನನ್ನು ಎದುರು ಕೂರಿಸಿ ಅವನದ್ದನ್ನೂ ಅಳಿಸಿದೆ, ಚಹಾ ಕುಡಿಸಿ. ಬ್ರಾಡ್‌ಕಾಸ್ಟ್ ಲಿಸ್ಟಿನವರಿಗೆ "ಆಫರ್ ಮೆಸೇಜ್ ಬೇಕಾ ಬೇಡವಾ" ಎಂದು ಕೇಳಿ, ಬೇಕು ಎಂದವರನ್ನು ಮಾತ್ರ ಉಳಿಸಿಕೊಂಡೆ. ಲಿಸ್ಟ್ ಅರ್ಧಕ್ಕಿಂತ ಕೆಳಗೆ ಇಳಿಯಿತು. ವ್ಯಾಪಾರ ಇಳಿದದ್ದು ಕಾಣಲಿಲ್ಲ.

ಆ ಹುಡುಗನ ವಿಷಯ ಅವನ ಊರಿನ ಹಿರಿಯರ ಎದುರು ಮಾತಾಡಿ ಮುಗಿಯಿತು, ಹುಡುಗಿ ನಂಬರ್ ಬದಲಾಯಿಸಿದಳು. ಅವಳೇ ಯಾಕೆ ಬದಲಾಯಿಸಬೇಕಾಯಿತು ಎಂದು ಯೋಚಿಸಿದರೆ ಇವತ್ತಿಗೂ ನಾಚಿಕೆ ಆಗುತ್ತದೆ.

ಕೌಂಟರಿನಲ್ಲಿ ಈಗ ಒಂದು ಲ್ಯಾಮಿನೇಟ್ ಮಾಡಿದ ಹಾಳೆ ಉಂಟು. ತೆಲುಗಿನದನ್ನು ಪಕ್ಕದ ಡಿಟಿಪಿ ಅಂಗಡಿಯವರು ಬರೆದುಕೊಟ್ಟರು, ಉರ್ದುವನ್ನು ಒಬ್ಬ ಸ್ನೇಹಿತ. ಕನ್ನಡದ್ದು ನಾನೇ ಬರೆದೆ. ಬೇಕಾದವರು ತಮ್ಮ ಅಂಗಡಿಗೆ ತಕ್ಕ ಹಾಗೆ ಬದಲಾಯಿಸಿ ಬಳಸಿಕೊಳ್ಳಬಹುದು:

"ನಿಮ್ಮ ಹೆಸರು ಮತ್ತು ಫೋನ್ ನಂಬರನ್ನು ಆರ್ಡರ್ ತಲುಪಿಸಲು ಮಾತ್ರ ಪಡೆಯುತ್ತೇವೆ. ಬಿಲ್ ಮಾಡಲು ನಂಬರ್ ಕೊಡಬೇಕಾಗಿಲ್ಲ. ಕೇಕಿಗೆ ಕೊಟ್ಟ ಫೋಟೊವನ್ನು ಬೇರೆ ಎಲ್ಲೂ ಹಾಕುವುದಿಲ್ಲ. ಆಫರ್ ಮೆಸೇಜ್ ಬೇಕಿದ್ದರೆ ಹೇಳಿ, ಬೇಡ ಎನಿಸಿದ ದಿನ ಒಂದು ಮೆಸೇಜ್ ಹಾಕಿ, ನಿಲ್ಲಿಸುತ್ತೇವೆ. ನಿಮ್ಮ ಮಾಹಿತಿ ನಮ್ಮಲ್ಲಿ ಏನಿದೆ ಎಂದು ಕೇಳಬಹುದು, ತಿದ್ದಿಸಬಹುದು, ತೆಗೆಸಬಹುದು. ದೂರು ಇದ್ದರೆ ಮೊದಲು ಮಾಲಕರನ್ನು ಕೇಳಿ. ಉತ್ತರ ಸರಿ ಕಾಣದಿದ್ದರೆ ಡೇಟಾ ಪ್ರೊಟೆಕ್ಷನ್ ಬೋರ್ಡಿಗೆ ದೂರು ಕೊಡುವ ಹಕ್ಕು ನಿಮಗೆ ಇದೆ."